ಹಳೆಯ ಚರ್ಮರೋಗ ಮತ್ತು ಹಾರ್ಮೋನು: ಕಾಳಿ ನದಿ ಸೀಮೆಯ ಓದುಗರಿಗೆ ಮಾಹಿತಿ

ಮೊಡವೆ, ಬಂಗು, ಇಸಬು, ಸೋರಿಯಾಸಿಸ್, ತೊನ್ನು, ಪದೇ ಪದೇ ಏಳುವ ಪಿತ್ತದ ಗಂಧೆ. ವರ್ಷಗಟ್ಟಲೆ ಕಾಡುವ ಇಂಥ ಚರ್ಮರೋಗಗಳಲ್ಲಿ ಹಲವು ದೇಹದ ಹಾರ್ಮೋನುಗಳ ಏರಿಳಿತದ ಜೊತೆಗೇ ಉಲ್ಬಣಿಸುತ್ತವೆ, ತಗ್ಗುತ್ತವೆ. ಚರ್ಮದ ಎಣ್ಣೆಗ್ರಂಥಿ, ಬಣ್ಣ ತಯಾರಿಸುವ ಕೋಶ, ಕೂದಲ ಬುಡ, ರೋಗನಿರೋಧಕ ಕೋಶ ಎಲ್ಲದರಲ್ಲೂ ಹಾರ್ಮೋನನ್ನು ಗುರುತಿಸುವ ಗ್ರಾಹಕಗಳಿವೆ. ಆದ್ದರಿಂದ ಅಂಡಾಶಯ, ಥೈರಾಯ್ಡ್, ಅಡ್ರಿನಲ್ ಅಥವಾ ಮೇದೋಜೀರಕ ಗ್ರಂಥಿಯಲ್ಲಿ ಆಗುವ ಬದಲಾವಣೆ ಚರ್ಮದ ಮೇಲೆ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಮೊದಲು ಕಾಣುವುದೇ ಅಲ್ಲಿ.

ಈ ನಂಟು ಎಲ್ಲ ರೋಗದಲ್ಲೂ ಒಂದೇ ಬಗೆಯದಲ್ಲ. ಕೆಲವೆಡೆ ಹಾರ್ಮೋನು ಹೆಚ್ಚಾಗಿದ್ದರಿಂದಲೇ ರೋಗ ಬರುತ್ತದೆ. ತೊನ್ನು ಮತ್ತು ಥೈರಾಯ್ಡ್ ತೊಂದರೆಯಂಥ ಜೋಡಿಗಳಲ್ಲಿ ಒಂದು ಇನ್ನೊಂದನ್ನು ಹುಟ್ಟಿಸುವುದಿಲ್ಲ, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗದ ಮೇಲೆ ತಿರುಗಿಬೀಳುವ ಸ್ವಭಾವ ಎರಡಕ್ಕೂ ಬೇರು. ಸೋರಿಯಾಸಿಸ್‌ನಲ್ಲಿ ಮೊದಲೇ ಇರುವ ರೋಗವನ್ನು ಹಾರ್ಮೋನು ಏರಿಸುತ್ತದೆ ಅಥವಾ ಇಳಿಸುತ್ತದೆ. ಕೊನೆಯದು ಹೊರಗಿನಿಂದ ಬರುವ ಹಾರ್ಮೋನು: ಮುಲಾಮು, ಮಾತ್ರೆ, ಚುಚ್ಚುಮದ್ದಿನ ರೂಪದ ಸ್ಟೀರಾಯ್ಡ್. ಕೋಗಿಲಬನ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಂಥ ಮಳೆಸೀಮೆಯಲ್ಲಿ ತಿಂಗಳುಗಟ್ಟಲೆ ಬಟ್ಟೆ ಸರಿಯಾಗಿ ಒಣಗುವುದಿಲ್ಲ, ತುರಿಕೆ ತಪ್ಪುವುದಿಲ್ಲ, ತುರಿಕೆಗೆ ಮುಲಾಮು ಹಚ್ಚುವುದೂ ತಪ್ಪುವುದಿಲ್ಲ. ಇಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಈ ಕೊನೆಯ ಬಗೆಯಲ್ಲೇ.

ರೋಗವನ್ನು ಗುರುತಿಸುವ ಮೊದಲು ಚರ್ಮದ ಬಣ್ಣವನ್ನು ಗಮನಿಸಬೇಕು. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಸೋರಿಯಾಸಿಸ್ ಕೆಂಪಗೆ ಕಾಣುವುದು ಬಿಳಿ ಚರ್ಮದ ಮೇಲೆ. ಮುಂಡಗೋಡದಲ್ಲಿ 1966ರಲ್ಲಿ ನೆಲೆ ಕಂಡ ಟಿಬೆಟನ್ ಸಮುದಾಯದವರ ತಿಳಿ ಮೈಬಣ್ಣದಲ್ಲಿ ಆ ಕೆಂಪು ಕಂಡೀತು. ಅದೇ ತಾಲ್ಲೂಕಿನ ಮತ್ತು ಹಳಿಯಾಳದ ಸಿದ್ದಿ ಸಮುದಾಯದವರ ಗಾಢ ಮೈಬಣ್ಣದಲ್ಲಿ ಅದೇ ರೋಗ ನೇರಳೆ, ಬೂದು ಇಲ್ಲವೇ ಕಡುಗಂದು ಬಣ್ಣದಲ್ಲಿ ಕಾಣುತ್ತದೆ. ಉರಿಯೂತ ಹೋದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕೆಂಪಿಲ್ಲವೆಂದು ರೋಗವನ್ನು ಹಗುರವೆಂದು ತಿಳಿಯುವುದು, ಕಲೆ ಉಳಿದಿದೆಯೆಂದು ರೋಗ ಇನ್ನೂ ಇದೆಯೆನ್ನುವುದು ಎರಡೂ ತಪ್ಪು. ಮುಟ್ಟಿದಾಗ ಉಬ್ಬು, ಬಿಸಿ, ಹೊಟ್ಟು, ತುರಿಕೆ ಇವೆಯೇ ಎಂಬುದು ಬಣ್ಣಕ್ಕಿಂತ ನಂಬಲರ್ಹ ಗುರುತು.

ಮೊಡವೆ ಮತ್ತು ಆಂಡ್ರೋಜನ್

ಹರೆಯದಲ್ಲಿ ಗಂಡು ಹೆಣ್ಣು ಇಬ್ಬರಲ್ಲೂ ಆಂಡ್ರೋಜನ್ ಗುಂಪಿನ ಹಾರ್ಮೋನುಗಳು ಏರುತ್ತವೆ. ಅವುಗಳಲ್ಲಿ ಒಂದಾದ ಟೆಸ್ಟೊಸ್ಟೆರಾನನ್ನು ಚರ್ಮದೊಳಗಿನ ಕಿಣ್ವವೊಂದು ಇನ್ನೂ ಪ್ರಬಲ ರೂಪಕ್ಕೆ ತಿರುಗಿಸುತ್ತದೆ. ಎಣ್ಣೆಗ್ರಂಥಿ ಹಿಗ್ಗಿ ಜಿಡ್ಡು ಹೆಚ್ಚುತ್ತದೆ, ರೋಮರಂಧ್ರದ ಬಾಯಿ ಕಟ್ಟುತ್ತದೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಬಾವು ಬರುತ್ತದೆ. ಮೊಡವೆಯಿರುವ ಬಹಳಷ್ಟು ಜನರ ರಕ್ತದಲ್ಲಿ ಹಾರ್ಮೋನು ಸರಿಯಾದ ಪ್ರಮಾಣದಲ್ಲೇ ಇರುತ್ತದೆ. ಅವರ ಗ್ರಂಥಿಗಳು ಆ ಪ್ರಮಾಣಕ್ಕೇ ಅತಿಯಾಗಿ ಸ್ಪಂದಿಸುತ್ತವೆ, ಅಷ್ಟೇ. ಹದಿನಾರರ ಹುಡುಗನಿಗೆ ಮೊಡವೆಯೆಂದು ದುಬಾರಿ ಹಾರ್ಮೋನು ಪರೀಕ್ಷೆ ಮಾಡಿಸಬೇಕಾದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಪರೀಕ್ಷೆ ಬೇಕಾಗುವುದು ಬೇರೆ ಗುರುತುಗಳು ಜೊತೆಗೂಡಿದಾಗ. ಇಪ್ಪತ್ತೈದು ದಾಟಿದ ಹೆಣ್ಣಿಗೆ ದವಡೆ, ಗದ್ದದ ಸುತ್ತ ಆಳವಾದ ಗಂಟುಮೊಡವೆ ಬರುತ್ತಿದ್ದರೆ, ಮುಟ್ಟು 35 ದಿನ ಮೀರಿ ಬರುತ್ತಿದ್ದರೆ ಅಥವಾ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಸಲ ಬಂದರೆ, ಗದ್ದ, ಎದೆ, ಹೊಕ್ಕುಳ ಕೆಳಗೆ ದಪ್ಪ ಕೂದಲು ಬೆಳೆದರೆ, ನೆತ್ತಿಯ ಕೂದಲು ತೆಳುವಾದರೆ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಎಂಬ ಹಾರ್ಮೋನು ತೊಂದರೆ ಇರಬಹುದು. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಒಪ್ಪಿದ ಮಾನದಂಡದಂತೆ ಮೂರರಲ್ಲಿ ಎರಡು ಲಕ್ಷಣವಿದ್ದರೆ ಅದನ್ನು ಪಿಸಿಒಎಸ್ ಎನ್ನುತ್ತಾರೆ: ಮುಟ್ಟಿನ ಏರುಪೇರು, ಆಂಡ್ರೋಜನ್ ಹೆಚ್ಚಾದ ಗುರುತು, ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ತುಂಬ ಸಣ್ಣ ಗುಳ್ಳೆಗಳ ಚಿತ್ರ. ಮೈನೆರೆದು ಎಂಟು ವರ್ಷ ತುಂಬದ ಹುಡುಗಿಯರಲ್ಲಿ ಸ್ಕ್ಯಾನಿಂಗನ್ನು ಆಧಾರವಾಗಿ ಹಿಡಿಯಬಾರದು, ಏಕೆಂದರೆ ಆ ವಯಸ್ಸಿನ ಆರೋಗ್ಯವಂತ ಅಂಡಾಶಯವೂ ಹಾಗೆಯೇ ಕಾಣಬಹುದು. ಕೆಲವೇ ತಿಂಗಳಲ್ಲಿ ಧ್ವನಿ ಗಡುಸಾಗಿ ಮೈಮೇಲೆ ಕೂದಲು ಹರಡಿದರೆ ಮಾತ್ರ ತಡಮಾಡಬಾರದು. ಅಂಡಾಶಯ ಅಥವಾ ಅಡ್ರಿನಲ್‌ನಲ್ಲಿ ಗೆಡ್ಡೆಯಿದೆಯೇ ಎಂದು ನೋಡಬೇಕಾಗುತ್ತದೆ.

ಮುಟ್ಟಿಗೆ ಮುಂಚಿನ ವಾರ ಮೊಡವೆ ಹೆಚ್ಚುವುದು ಸಾಮಾನ್ಯ. ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್‌ನಂಥ ಹಚ್ಚುವ ಔಷಧಿಯ ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ವಾರಕ್ಕೊಂದು ಟ್ಯೂಬು ಬದಲಿಸುವುದರಿಂದ ಯಾವುದೂ ಕೆಲಸ ಮಾಡುವುದಿಲ್ಲ. ಹಾರ್ಮೋನಿನ ನಂಟು ಖಚಿತವಾದ ಹೆಂಗಸರಿಗೆ ವೈದ್ಯರು ಗರ್ಭನಿರೋಧಕ ಗುಳಿಗೆ ಅಥವಾ ಸ್ಪೈರೊನೊಲ್ಯಾಕ್ಟೋನ್ ಕೊಡುವುದುಂಟು. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಗರ್ಭದಲ್ಲಿರುವ ಮಗುವಿಗೆ ಗಂಭೀರ ಅಂಗವೈಕಲ್ಯ ತರುತ್ತದೆ. ಅದನ್ನು ನುಂಗುವಾಗಲೂ ನಿಲ್ಲಿಸಿದ ಒಂದು ತಿಂಗಳವರೆಗೂ ಬಸಿರಾಗಕೂಡದು. ಮೈಕಟ್ಟಿಗಾಗಿ ಜಿಮ್‌ಗಳಲ್ಲಿ ಚುಚ್ಚಿಸಿಕೊಳ್ಳುವ ಅನಬಾಲಿಕ್ ಸ್ಟೀರಾಯ್ಡ್ ಕೂಡ ಆಂಡ್ರೋಜನ್ನೇ. ಹುಡುಗರ ಬೆನ್ನು, ಭುಜಗಳಲ್ಲಿ ಹಠಾತ್ತಾಗಿ ಏಳುವ ಮೊಡವೆಗೆ ಅದೂ ಒಂದು ಕಾರಣ.

ಕಂಕುಳು, ತೊಡೆಸಂದು, ಸ್ತನದ ಕೆಳಗೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕುರುವೆದ್ದು ಕೀವು ಸೋರಿ ಗಾಯದ ಗೆರೆ ಉಳಿಯುವ ರೋಗಕ್ಕೆ ಹಿಡ್ರಾಡಿನೈಟಿಸ್ ಎಂದು ಹೆಸರು. ಹಲವು ಹೆಂಗಸರಲ್ಲಿ ಇದು ಮುಟ್ಟಿನ ಆಸುಪಾಸು ಕೆರಳುತ್ತದೆ. ಬೊಜ್ಜು, ಧೂಮಪಾನ ಇದನ್ನು ಹೆಚ್ಚಿಸುತ್ತವೆ. ಕೊಳಕಿನಿಂದ ಬರುವ ರೋಗ ಇದಲ್ಲ. ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟವರಲ್ಲಿ ಚರ್ಮದಡಿಯಲ್ಲಿ ಸುರಂಗಗಳು ಬೆಳೆದಿರುತ್ತವೆ.

ಕತ್ತಿನ ಕಪ್ಪು ಮತ್ತು ಇನ್ಸುಲಿನ್

ಕತ್ತಿನ ಹಿಂಬದಿ, ಕಂಕುಳಲ್ಲಿ ಚರ್ಮ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾದರೆ ಅದನ್ನು ಕೊಳೆಯೆಂದು ತೆಂಗಿನ ನಾರಿನಿಂದ ತಿಕ್ಕುವವರಿದ್ದಾರೆ. ತಿಕ್ಕಿದಷ್ಟೂ ಕಪ್ಪು ಹೆಚ್ಚುತ್ತದೆ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ರಕ್ತದಲ್ಲಿ ಇನ್ಸುಲಿನ್ ಹೆಚ್ಚುತ್ತದೆ, ಅದು ಚರ್ಮದ ಕೋಶಗಳ ಬೆಳವಣಿಗೆಯನ್ನು ಕೆರಳಿಸುತ್ತದೆ. ಕತ್ತಿನ ಸುತ್ತ ಸಣ್ಣ ತೊಗಲುಗಂಟುಗಳೂ ಜೊತೆಗೆ ಬರಬಹುದು. ಮಕ್ಕಳಲ್ಲಿ ಈ ಗುರುತು ಕಂಡರೆ ತೂಕ ಮತ್ತು ಸಕ್ಕರೆ ಎರಡನ್ನೂ ನೋಡಿಸಬೇಕು. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125 ಅಥವಾ ಕಳೆದ ತಿಂಗಳುಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಮಧುಮೇಹದ ಹೊಸ್ತಿಲು. 126 ಅಥವಾ 6.5 ಮುಟ್ಟಿದರೆ ಮಧುಮೇಹ. ತೂಕ ಇಳಿದಂತೆ ಕಪ್ಪೂ ನಿಧಾನವಾಗಿ ತಿಳಿಯಾಗುತ್ತದೆ. ವಯಸ್ಸಾದ, ಸಣಕಲು ಮೈಯವರಲ್ಲಿ ಇದು ಹಠಾತ್ತಾಗಿ ಕಾಣಿಸಿ ತೂಕವೂ ಇಳಿಯುತ್ತಿದ್ದರೆ ಹೊಟ್ಟೆಯ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಹೆಂಗಸರ ಗುಪ್ತಾಂಗದ ಬಿಡದ ತುರಿಕೆ, ಗಂಡಸರ ಮುಂದೊಗಲಿನ ಬಿರುಕು, ಮೇಲಿಂದ ಮೇಲೆ ಏಳುವ ಕುರು ಇವು ಎಷ್ಟೋ ಜನರಲ್ಲಿ ಮಧುಮೇಹದ ಮೊದಲ ಸುಳಿವು.

ಥೈರಾಯ್ಡ್, ತೊನ್ನು, ಪಿತ್ತದ ಗಂಧೆ

ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಬೆವರು ಮತ್ತು ಜಿಡ್ಡು ತಗ್ಗಿ ಚರ್ಮ ಒಣಗಿ ತಣ್ಣಗಾಗುತ್ತದೆ. ಮುಖ ಊದಿಕೊಳ್ಳುತ್ತದೆ, ಕೂದಲು ಒರಟಾಗಿ ಉದುರುತ್ತದೆ, ಹುಬ್ಬಿನ ಹೊರತುದಿ ತೆಳುವಾಗುತ್ತದೆ. ಹೆಚ್ಚಾದಾಗ ಚರ್ಮ ಬಿಸಿಯಾಗಿ ತೇವವಾಗಿರುತ್ತದೆ, ಮೈ ತುರಿಸುತ್ತದೆ. ದದ್ದಿಲ್ಲದೆ ಮೈಯೆಲ್ಲ ತುರಿಸುವವರಿಗೆ ಥೈರಾಯ್ಡ್ ಅಳೆಯುವ ಟಿಎಸ್‌ಎಚ್, ಸಕ್ಕರೆ, ಯಕೃತ್ತು, ಮೂತ್ರಪಿಂಡ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ಸರಿಯಾದ ಆರಂಭ.

ತೊನ್ನು ಇರುವವರಲ್ಲಿ ಥೈರಾಯ್ಡ್ ತೊಂದರೆ ಉಳಿದವರಿಗಿಂತ ಹೆಚ್ಚು. ಆದ್ದರಿಂದ ಅವರು ಕಾಲಕಾಲಕ್ಕೆ ಟಿಎಸ್‌ಎಚ್ ನೋಡಿಸಿಕೊಳ್ಳಬೇಕು. ಆರು ವಾರ ಮೀರಿ ದಿನವೂ ಏಳುವ ಪಿತ್ತದ ಗಂಧೆಗೂ ನುಣ್ಣಗೆ ದುಂಡಗೆ ಕೂದಲುದುರುವ ರೋಗಕ್ಕೂ ಇದೇ ಮಾತು. ಥೈರಾಯ್ಡ್ ಮಾತ್ರೆಯಿಂದ ತೊನ್ನು ವಾಸಿಯಾಗುವುದಿಲ್ಲ. ಎರಡಕ್ಕೂ ಬೇರೆ ಬೇರೆ ಚಿಕಿತ್ಸೆ ಬೇಕು. ತೊನ್ನು ಅಂಟುವ ರೋಗವಲ್ಲ. ಒಟ್ಟಿಗೆ ಉಣ್ಣುವುದಕ್ಕೆ, ಮದುವೆಗೆ ಅಡ್ಡಿಯಾಗಬೇಕಾದ ಯಾವ ಕಾರಣವೂ ಅದರಲ್ಲಿಲ್ಲ.

ಬಣ್ಣಗೆಟ್ಟ ಮಚ್ಚೆಯೆಲ್ಲ ತೊನ್ನಲ್ಲ. ಮಾಸಲು ಬಣ್ಣದ ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಅಲ್ಲಿ ಬೆವರು, ಕೂದಲು ಕಡಿಮೆಯಿದ್ದರೆ ಅದು ಕುಷ್ಠದ ಗುರುತಾಗಿರಬಹುದು. ತೊನ್ನಿನ ಮಚ್ಚೆ ಹಾಲಿನಷ್ಟು ಬೆಳ್ಳಗಿರುತ್ತದೆ, ಸ್ಪರ್ಶ ಪೂರ್ತಿ ತಿಳಿಯುತ್ತದೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯನ್ನು ಮಚ್ಚೆಗೆ ತಾಗಿಸಿ ನೋಡಿದರೆ ವ್ಯತ್ಯಾಸದ ಮೊದಲ ಅಂದಾಜು ಸಿಗುತ್ತದೆ. ಕುಷ್ಠದ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರೋಗದ ಬಗೆಗೆ ತಕ್ಕಂತೆ ಆರು ಅಥವಾ ಹನ್ನೆರಡು ತಿಂಗಳಲ್ಲಿ ಚಿಕಿತ್ಸೆ ಮುಗಿಯುತ್ತದೆ.

ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ಅದನ್ನು ನಿಲ್ಲಿಸಬೇಕು. ಬಯೋಟಿನ್ ಹೆಚ್ಚಿದ್ದರೆ ಪ್ರಯೋಗಾಲಯದ ಫಲಿತಾಂಶವೇ ತಪ್ಪಾಗಿ ಬಂದು ಇಲ್ಲದ ರೋಗಕ್ಕೆ ಮಾತ್ರೆ ಶುರುವಾಗಬಹುದು.

ಬಸಿರು, ಬಂಗು, ಮುಟ್ಟು ನಿಲ್ಲುವ ಕಾಲ

ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಕಂದು ಛಾಯೆ ಹರಡುವ ಬಂಗು ಬಸಿರಿನಲ್ಲಿ, ಗರ್ಭನಿರೋಧಕ ಗುಳಿಗೆ ನುಂಗುವಾಗ ಹೆಚ್ಚುತ್ತದೆ. ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಬಣ್ಣದ ಕೋಶಗಳನ್ನು ಸಜ್ಜುಗೊಳಿಸುತ್ತವೆ, ಬಿಸಿಲು ಕೆಲಸ ಮುಗಿಸುತ್ತದೆ. ಹಳಿಯಾಳದ ಕಬ್ಬಿನ ಗದ್ದೆ, ಮುಂಡಗೋಡದ ಭತ್ತದ ಗದ್ದೆಯಲ್ಲಿ ದಿನವಿಡೀ ಬಾಗಿ ದುಡಿಯುವ ಹೆಂಗಸಿಗೆ ಮುಲಾಮಿಗಿಂತ ಮೊದಲು ಬೇಕಾದದ್ದು ಅಗಲ ಅಂಚಿನ ಟೋಪಿ ಅಥವಾ ಹಣೆ ಮುಚ್ಚುವ ದಪ್ಪ ಸೆರಗು. ಒಲೆಯ ಝಳವೂ ಕೆಲವರಲ್ಲಿ ಬಂಗನ್ನು ಹೆಚ್ಚಿಸುತ್ತದೆ. ಸನ್‌ಸ್ಕ್ರೀನ್ ಕೊಳ್ಳುವವರು ಎಸ್‌ಪಿಎಫ್ 30 ಅಥವಾ ಹೆಚ್ಚಿನದನ್ನು, ಸಿಕ್ಕರೆ ಐರನ್ ಆಕ್ಸೈಡ್ ಇರುವ ಬಣ್ಣದ ಬಗೆಯನ್ನು ಆರಿಸಬೇಕು, ಏಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ. ಹೆರಿಗೆಯ ನಂತರ ಕೆಲವು ತಿಂಗಳಲ್ಲಿ ಬಂಗು ತಾನಾಗಿ ತಿಳಿಯಾಗುವುದೂ ಉಂಟು.

ಬಸಿರಿನ ಕೊನೆಯ ತಿಂಗಳುಗಳಲ್ಲಿ ದದ್ದಿಲ್ಲದೆ ಅಂಗೈ, ಅಂಗಾಲು ವಿಪರೀತ ತುರಿಸಿ, ರಾತ್ರಿ ಹೆಚ್ಚಾದರೆ ಅದನ್ನು ಉಷ್ಣವೆಂದು ಸುಮ್ಮನಿರಬಾರದು. ಹಾರ್ಮೋನಿನ ಪ್ರಭಾವದಿಂದ ಯಕೃತ್ತಿನಲ್ಲಿ ಪಿತ್ತರಸ ಕಟ್ಟಿದಾಗ ಹೀಗಾಗುತ್ತದೆ, ಮಗುವಿಗೆ ಅಪಾಯವಿದೆ. ಅಂದೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು.

ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲಾಜನ್ ಸುಮಾರು ಶೇ 30ರಷ್ಟು ಕುಸಿಯುತ್ತದೆ. ಚರ್ಮ ತೆಳುವಾಗಿ ಒಣಗಿ ನವೆಯಾಗುತ್ತದೆ. ಕಾಡಿನ ಮುರುಗಲ ಬೀಜದಿಂದ ತೆಗೆಯುವ ಗಟ್ಟಿ ತುಪ್ಪವನ್ನು ಈ ಭಾಗದಲ್ಲಿ ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ. ಒಣ ಚರ್ಮಕ್ಕೆ ಅದು ಒಳ್ಳೆಯ ಲೇಪ. ಸ್ನಾನದ ಬೆನ್ನಿಗೇ, ಮೈ ಇನ್ನೂ ತೇವವಾಗಿರುವಾಗ ಹಚ್ಚಿದರೆ ನೀರಿನಂಶ ಹಿಡಿದಿಡುತ್ತದೆ. ಮೊಡವೆ ಮುಖಕ್ಕೆ ಮಾತ್ರ ಅದು ಬೇಡ. ಗುಪ್ತಾಂಗದ ಚರ್ಮ ಬೆಳ್ಳಗಾಗಿ ಬಿರಿದು ತುರಿಸುತ್ತಿದ್ದರೆ ಅದು ಒಣಗಿದ್ದಷ್ಟೇ ಆಗಿರಲಾರದು. ಚರ್ಮತಜ್ಞರಿಗೋ ಸ್ತ್ರೀರೋಗ ತಜ್ಞರಿಗೋ ತೋರಿಸಬೇಕು.

ಸೋರಿಯಾಸಿಸ್ ಮತ್ತು ಇಸಬು

ಮನಸ್ಸಿನ ಒತ್ತಡ ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳ ಲಯ ಕೆಡಿಸುತ್ತದೆ, ಸೋರಿಯಾಸಿಸ್ ಮತ್ತು ಇಸಬು ಎರಡನ್ನೂ ಕೆರಳಿಸುತ್ತದೆ. ಸೋರಿಯಾಸಿಸ್ ಇರುವ ಸುಮಾರು ಅರ್ಧದಷ್ಟು ಹೆಂಗಸರಿಗೆ ಬಸಿರಿನಲ್ಲಿ ರೋಗ ತಗ್ಗುತ್ತದೆ, ಹೆರಿಗೆಯ ನಂತರ ಮರಳುತ್ತದೆ. ಬಾಣಂತನದ ಮೊದಲ ತಿಂಗಳುಗಳಿಗೆ ಔಷಧಿಯ ಯೋಜನೆಯನ್ನು ಮುಂಚೆಯೇ ಮಾಡಿಕೊಂಡರೆ ಒಳ್ಳೆಯದು. ಇಸಬು ಇದಕ್ಕೆ ವಿರುದ್ಧವಾಗಿ ಬಸಿರಿನಲ್ಲಿ ಹೆಚ್ಚುವುದೇ ಹೆಚ್ಚು.

ಡಿ ವಿಟಮಿನ್ ದೇಹದಲ್ಲಿ ಹಾರ್ಮೋನಿನಂತೆಯೇ ಕೆಲಸ ಮಾಡುತ್ತದೆ. ಅದರ ಮಾರ್ಪಾಡಾದ ಕ್ಯಾಲ್ಸಿಪೋಟ್ರಿಯಾಲ್ ಮುಲಾಮು ಸೋರಿಯಾಸಿಸ್‌ಗೆ ಒಪ್ಪಿತ ಚಿಕಿತ್ಸೆ. ಹಾಗೆಂದು ಡಿ ವಿಟಮಿನ್ನಿನ ದೊಡ್ಡ ಮಾತ್ರೆಗಳನ್ನು ತಾವೇ ತಿಂಗಳುಗಟ್ಟಲೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ.

ಸೋರಿಯಾಸಿಸ್‌ಗೆ ಸ್ಟೀರಾಯ್ಡ್ ಮಾತ್ರೆ ಅಥವಾ ಚುಚ್ಚುಮದ್ದು ಕೊಟ್ಟರೆ ನಾಲ್ಕೇ ದಿನದಲ್ಲಿ ಮೈ ತಿಳಿಯಾಗುತ್ತದೆ. ನಿಲ್ಲಿಸಿದಾಗ ರೋಗ ಮೊದಲಿಗಿಂತ ಜೋರಾಗಿ, ಕೆಲವರಲ್ಲಿ ಮೈತುಂಬ ಕೀವುಗುಳ್ಳೆಯಾಗಿ ಮರಳಬಹುದು. ಅದು ಪ್ರಾಣಕ್ಕೆ ಕುತ್ತು. ಹೆಸರಿಲ್ಲದ ಪೊಟ್ಟಣದ ಪುಡಿ, ಮಾತ್ರೆ ಇಷ್ಟು ಬೇಗ ಗುಣ ತೋರಿಸಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂದೇಹ ಸಹಜ.

ಟ್ಯೂಬಿನಲ್ಲಿ ಬರುವ ಹಾರ್ಮೋನು

ಸ್ಟೀರಾಯ್ಡ್ ಹಾರ್ಮೋನಾದ ಕಾರ್ಟಿಸೋನನ್ನು ಮೊದಲ ಬಾರಿಗೆ ರೋಗಿಗೆ ಕೊಟ್ಟದ್ದು 1948ರಲ್ಲಿ, ಕೀಲುವಾತಕ್ಕೆ. 1950ರಲ್ಲಿ ಆ ಸಂಶೋಧನೆಗೆ ನೊಬೆಲ್ ಸಂದಿತು. 1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ಎಂಬ ಅಮೆರಿಕದ ವೈದ್ಯರು ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಇಸಬು ತಗ್ಗುವುದನ್ನು ತೋರಿಸಿದರು. ಚರ್ಮವೈದ್ಯದಲ್ಲಿ ಅಷ್ಟು ದೊಡ್ಡ ತಿರುವು ಇನ್ನೊಂದಿಲ್ಲವೆನ್ನಬಹುದು. ಅದೇ ಗುಂಪಿನ ಔಷಧಿ ಇಂದು ತಿಳಿಯದವರ ಕೈಯಲ್ಲಿ ಹಾನಿ ಮಾಡುತ್ತಿದೆ.

ಮಳೆಗಾಲದಲ್ಲಿ ತೊಡೆಸಂದು, ಸೊಂಟದಲ್ಲಿ ಹುಳುಕಡ್ಡಿ ಏಳುತ್ತದೆ. ಇದು ಶಿಲೀಂಧ್ರದ ಸೋಂಕು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಟ್ಯೂಬಿನಲ್ಲಿ ಎಷ್ಟೋ ಸಲ ಶಿಲೀಂಧ್ರನಾಶಕದ ಜೊತೆ ಬ್ಯಾಕ್ಟೀರಿಯಾ ನಾಶಕ, ಮೇಲೊಂದು ಪ್ರಬಲ ಸ್ಟೀರಾಯ್ಡ್ ಕೂಡಿರುತ್ತದೆ. ಸ್ಟೀರಾಯ್ಡ್ ತುರಿಕೆಯನ್ನು ಒಂದೇ ರಾತ್ರಿಯಲ್ಲಿ ಅಡಗಿಸುತ್ತದೆ, ಜೊತೆಗೆ ಚರ್ಮದ ರಕ್ಷಣೆಯನ್ನೂ ಅಡಗಿಸುತ್ತದೆ. ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಅಂಚು ಮಸುಕಾಗಿ, ಬಳೆಯೊಳಗೊಂದು ಬಳೆಯಾಗಿ ಹರಡಿದ ಹುಳುಕಡ್ಡಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. 2020ರಲ್ಲಿ ಹೆಸರು ಪಡೆದ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಶಿಲೀಂಧ್ರ ಟರ್ಬಿನಾಫಿನ್ ಔಷಧಿಗೆ ಹಲವೆಡೆ ಬಗ್ಗುತ್ತಿಲ್ಲ. ಅದು ಭಾರತದಲ್ಲಿ ಹರಡಲು ಈ ಮಿಶ್ರಣದ ಮುಲಾಮುಗಳೂ ಕಾರಣವೆಂಬುದು ಚರ್ಮತಜ್ಞರ ಅಭಿಪ್ರಾಯ.

ಟ್ಯೂಬಿನ ಹಿಂಬದಿಯಲ್ಲಿ ಕ್ಲೊಬೆಟಾಸಾಲ್, ಬೆಕ್ಲೊಮೆಥಾಸೋನ್, ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲೂಸಿನೊಲೋನ್ ಎಂಬ ಹೆಸರುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಹಚ್ಚುವ ಸ್ಟೀರಾಯ್ಡ್‌ಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಮುಖ ಬೆಳ್ಳಗಾಗಲೆಂದು ಇವನ್ನು ತಿಂಗಳುಗಟ್ಟಲೆ ಹಚ್ಚಿದವರಲ್ಲಿ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ, ಮೊಡವೆ, ಕೂದಲು ಹೆಚ್ಚುತ್ತವೆ, ಬಿಸಿಲಿಗೆ ಹೋದರೆ ಉರಿ. ಬಿಟ್ಟರೆ ಮುಖ ಕೆಂಪಗೆ ಊದುತ್ತದೆ, ಹಚ್ಚಿದರೆ ಇಳಿಯುತ್ತದೆ. ಹೀಗೆ ಮುಲಾಮಿಗೇ ಮುಖ ಒಗ್ಗಿಹೋಗುತ್ತದೆ. ತೊಡೆಸಂದಿನಲ್ಲಿ ಬಿದ್ದ ಸೀಳುಗೆರೆ ಜೀವನಪೂರ್ತಿ ಉಳಿಯುತ್ತದೆ. ಮಗುವಿನ ಕುಂಡೆಯ ಕೆಂಪಿಗೆ ಪ್ರಬಲ ಸ್ಟೀರಾಯ್ಡ್ ಹಚ್ಚುತ್ತಾ ಹೋದರೆ ಅದು ರಕ್ತಕ್ಕಿಳಿದು ಮುಖ ಊದಿ, ಬೆಳವಣಿಗೆ ಕುಂಠಿತವಾಗಿ, ಮಗುವಿನ ಅಡ್ರಿನಲ್ ಗ್ರಂಥಿಯೇ ಕೆಲಸ ನಿಲ್ಲಿಸಬಹುದು.

ಇಷ್ಟೆಲ್ಲ ಓದಿ ಸ್ಟೀರಾಯ್ಡ್ ಎಂದರೇ ಹೆದರುವುದೂ ಸರಿಯಲ್ಲ. ಇಸಬಿಗೆ ವೈದ್ಯರು ಬರೆದ ಸ್ಟೀರಾಯ್ಡನ್ನು ಹೇಳಿದಷ್ಟು ದಿನ ಹಚ್ಚದೆ ಅರ್ಧಕ್ಕೆ ಬಿಟ್ಟ ಮಗು ರಾತ್ರಿಯೆಲ್ಲ ಕೆರೆದುಕೊಳ್ಳುತ್ತದೆ. ವಯಸ್ಕರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಕ್ಲೊಬೆಟಾಸಾಲ್‌ನಂಥ ಅತಿ ಪ್ರಬಲ ಮುಲಾಮು ಎರಡು ವಾರ ಮೀರಬಾರದು, ವಾರಕ್ಕೆ 50 ಗ್ರಾಂ ದಾಟಬಾರದು, ವೈದ್ಯರು ಹೇಳದೆ ಮುಖಕ್ಕೆ, ಸಂದುಗಳಿಗೆ ಮುಟ್ಟಿಸಬಾರದು. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿರುವವರು ಟ್ಯೂಬನ್ನೇ ಹಿಡಿದುಕೊಂಡು ವೈದ್ಯರ ಬಳಿ ಹೋಗಬೇಕು. ಹಲವು ವಾರ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು ಅದನ್ನು ಏಕಾಏಕಿ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿದೆ.

ಹುಳುಕಡ್ಡಿಗೆ ಸ್ಟೀರಾಯ್ಡಿಲ್ಲದ ಶಿಲೀಂಧ್ರನಾಶಕ, ಅಗತ್ಯವಿದ್ದರೆ ವಾರಗಟ್ಟಲೆ ಮಾತ್ರೆ ಬೇಕು. ಮನೆಯಲ್ಲಿ ತುರಿಕೆಯಿರುವ ಎಲ್ಲರಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು. ಟವೆಲ್, ಚಡ್ಡಿ ಹಂಚಿಕೊಳ್ಳಬಾರದು. ಒಣಗದ ಒಳಬಟ್ಟೆಯನ್ನು ಹಾಕಿಕೊಳ್ಳುವ ಮುಂಚೆ ಇಸ್ತ್ರಿ ಮಾಡಿದರೆ ತೇವ ಹೋಗುತ್ತದೆ.

ಪರೀಕ್ಷೆ ಮತ್ತು ವೈದ್ಯರ ಭೇಟಿ

ಟಿಎಸ್‌ಎಚ್ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ಕಾರ್ಟಿಸಾಲ್‌ಗೆ ಬೆಳಿಗ್ಗೆ ಎಂಟರ ಸುಮಾರಿಗೆ ರಕ್ತ ಕೊಡಬೇಕು, ಸ್ಟೀರಾಯ್ಡ್ ಬಳಕೆಯ ವಿಷಯ ಮೊದಲೇ ಹೇಳಬೇಕು. ಟೆಸ್ಟೊಸ್ಟೆರಾನ್‌ಗೂ ಬೆಳಗಿನ ಹೊತ್ತೇ ಸರಿ, ಹೆಂಗಸರು ಮುಟ್ಟಾದ ಮೊದಲ ಕೆಲವು ದಿನಗಳಲ್ಲಿ ಮಾಡಿಸುವುದು ರೂಢಿ. ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದರೆ ಈ ಪರೀಕ್ಷೆಯ ಫಲಿತಾಂಶ ನಂಬುವಂತಿಲ್ಲ. ಲಕ್ಷಣಗಳಿಲ್ಲದೆ ಇಪ್ಪತ್ತು ಹಾರ್ಮೋನುಗಳ ಪ್ಯಾಕೇಜ್ ಮಾಡಿಸಿದರೆ ಹಣವಷ್ಟೇ ಖರ್ಚು, ಎಲ್ಲೋ ಒಂದು ಸಂಖ್ಯೆ ಗೆರೆ ದಾಟಿದ್ದಕ್ಕೆ ಗಾಬರಿ ಬೇರೆ.

ಸಕ್ಕರೆ ಪರೀಕ್ಷೆ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಚರ್ಮತಜ್ಞರು ಬೇಕೆಂದಾಗ ಹಳಿಯಾಳ, ದಾಂಡೇಲಿ, ಮುಂಡಗೋಡದವರಿಗೆ ಹುಬ್ಬಳ್ಳಿ-ಧಾರವಾಡದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಹತ್ತಿರ. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆ, ಬೆಳಗಾವಿಯ ಆಸ್ಪತ್ರೆಗಳೂ ಇವೆ. ಜೋಯಿಡಾದ ಒಳಹಳ್ಳಿಗಳಿಂದ ಬರಲಾಗದವರಿಗೆ ಇ-ಸಂಜೀವಿನಿ ದೂರವೈದ್ಯ ಸೇವೆ ಉಚಿತ. ಹಗಲು ಬೆಳಕಿನಲ್ಲಿ, ಏನೂ ಹಚ್ಚದ ಚರ್ಮದ ಎರಡು ಫೋಟೊ ತೆಗೆದಿಟ್ಟುಕೊಂಡರೆ ವೈದ್ಯರಿಗೆ ಅನುಕೂಲ: ಒಂದು ದೂರದಿಂದ, ಒಂದು ಹತ್ತಿರದಿಂದ. ಹೆಂಗಸರು ಕೊನೆಯ ಮೂರು ಮುಟ್ಟಿನ ದಿನಾಂಕ ಮತ್ತು ರೋಗ ಕೆರಳಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಒಯ್ದರೆ ಹಾರ್ಮೋನಿನ ನಂಟಿದೆಯೇ ಎಂಬುದು ಅರ್ಧಕ್ಕರ್ಧ ಅಲ್ಲೇ ತಿಳಿಯುತ್ತದೆ.

ಮೈಯೆಲ್ಲ ಕೆಂಪಾಗಿ ಚಳಿ ಹತ್ತಿದರೆ, ಜ್ವರದೊಂದಿಗೆ ಕೀವುಗುಳ್ಳೆ ಹರಡಿದರೆ, ಹೊಸ ಮಾತ್ರೆ ನುಂಗಿದ ಮೇಲೆ ಬಾಯಿ, ಕಣ್ಣಿನಲ್ಲಿ ಹುಣ್ಣೆದ್ದು ಚರ್ಮ ಸುಲಿದರೆ, ಗಂಧೆಯ ಜೊತೆ ತುಟಿ ಊದಿ ಉಸಿರು ಕಟ್ಟಿದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಆಂಬುಲೆನ್ಸ್‌ಗೆ 108. ಬಸಿರಿನ ಅಂಗೈ ತುರಿಕೆ, ಹಠಾತ್ತಾಗಿ ಧ್ವನಿ ಗಡುಸಾಗುವುದರಂಥ ಮೇಲೆ ಹೇಳಿದ ಅಪಾಯಗಳನ್ನು ಬಿಟ್ಟರೆ ಉಳಿದ ರೋಗಗಳಲ್ಲಿ ಅವಸರವಿಲ್ಲ. ಥೈರಾಯ್ಡ್ ಮಾತ್ರೆ ಶುರುಮಾಡಿದ ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಬೇಕು, ಮೊಡವೆಯ ಹಾರ್ಮೋನು ಚಿಕಿತ್ಸೆಯನ್ನು ಮೂರರಿಂದ ಆರು ತಿಂಗಳಿಗೆ ಅಳೆಯಬೇಕು. ಬಂಗು, ತೊನ್ನುಗಳಲ್ಲಿ ವ್ಯತ್ಯಾಸ ಕಾಣಲು ಅದಕ್ಕೂ ಹೆಚ್ಚು ಕಾಲ ಹಿಡಿಯಬಹುದು.